ಏಳು ಹೆಣ್ಣು, ಒಂದು ಗಂಡು: ಪುಣೆಯ ಒಬ್ಬ ಕ್ರೈಸ್ತ ತಾಯಿಯ ಸಂಸಾರ



ಪುಣೆ ಪಟ್ಟಣದ ಇತಿಹಾಸವೆಂದೊಡನೆ ನಮಗೆ ಶನಿವಾರವಾಡೆ, ಪೇಶ್ವೆಯರು, ಲೋಕಮಾನ್ಯ ಟಿಳಕರು, ಗೋಖಲೆಯವರು ನೆನಪಿಗೆ ಬರುವರು. ಇದೇ ಪಟ್ಟಣದಲ್ಲಿ ಎಂಟು ಮಕ್ಕಳನ್ನು ಸಾಕಿ ಬೆಳೆಯಿಸಿದ ಒಬ್ಬ ತಾಯಿಯ ಹೆಸರು ಮಾತ್ರ ನಮ್ಮಲ್ಲಿ ಅನೇಕರ ಕಿವಿಗೆ ಬಿದ್ದಿರಲಾರದು. ಆ ತಾಯಿ ಫ್ರಾನ್ಸಿನಾ ಸೊರಾಬಜಿ. ಅವರು ಯುದ್ಧ ಮಾಡಲಿಲ್ಲ, ಪತ್ರಿಕೆ ನಡೆಸಲಿಲ್ಲ. ಮನೆ ನಡೆಸಿದರು, ಶಾಲೆ ನಡೆಸಿದರು. ಅವರ ಮಟ್ಟಿಗೆ ಇವೆರಡೂ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಅದು ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮನೆತನದ ಪರಿಚಯವಾಗಲಿ. ಮನೆಯ ಯಜಮಾನರಾದ ಸೊರಾಬಜಿ ಖರ್ಶೇದಜಿಯವರು ಹುಟ್ಟಿನಿಂದ ಪಾರಸಿಗಳು. ತರುಣರಾಗಿದ್ದಾಗಲೇ ಕ್ರೈಸ್ತಮತವನ್ನು ಸ್ವೀಕರಿಸಿ, ಅದರಿಂದಾಗಿ ಸ್ವಜನರ ಕಡುಕೋಪಕ್ಕೆ ಗುರಿಯಾದರು. ಮುಂದೆ ಚರ್ಚ್ ಮಿಶನರಿ ಸೊಸಾಯಿಟಿಯ ಪಾದ್ರಿಗಳಾಗಿ ನಾಶಿಕದಲ್ಲಿಯೂ ಬೇರೆ ಊರುಗಳಲ್ಲಿಯೂ ಸೇವೆ ಸಲ್ಲಿಸಿದರು. ಫ್ರಾನ್ಸಿನಾ ಅವರು ಹಿಂದೂ ಕುಲದಲ್ಲಿ ಜನಿಸಿದವರು. ಸರ್ ಫ್ರಾನ್ಸಿಸ್ ಫೋರ್ಡ್ ಎಂಬ ಇಂಗ್ಲಿಷ್ ಗೃಹಸ್ಥರೂ ಅವರ ಪತ್ನಿಯೂ ಬಾಲೆಯಾಗಿದ್ದ ಅವರನ್ನು ದತ್ತು ಮಗಳಂತೆ ಬೆಳೆಯಿಸಿದರು. ಹೀಗೆ ಹಿಂದೂ ಹುಟ್ಟು, ಇಂಗ್ಲಿಷ್ ಸಾಕು, ಪಾರಸಿ ಗಂಡ, ಕ್ರೈಸ್ತ ಮತ, ಎಲ್ಲವೂ ಒಂದೇ ಸಂಸಾರದೊಳಗೆ ಕೂಡಿದವು. ಈ ದಂಪತಿಗಳಿಗೆ ಉಳಿದ ಮಕ್ಕಳು ಎಂಟು: ಏಳು ಹೆಣ್ಣು, ಒಂದು ಗಂಡು. ಇನ್ನಿಬ್ಬರು ಗಂಡುಕೂಸುಗಳು ಎಳವೆಯಲ್ಲಿಯೇ ತೀರಿಕೊಂಡವು.

ಐದನೆಯ ಮಗಳು ಕಾರ್ನೀಲಿಯಾ. ಈಕೆ 1866ರ ನವೆಂಬರ 15ರಂದು ನಾಶಿಕದಲ್ಲಿ ಹುಟ್ಟಿದಳು. ತಾಯಿಯನ್ನು ಸಾಕಿದ ಫೋರ್ಡ್ ಸಾಹೇಬರ ಪತ್ನಿಯ ಹೆಸರನ್ನೇ ಈಕೆಗೆ ಇಟ್ಟರು. ಕಾರ್ನೀಲಿಯಾಳ ಎಳವೆಯ ಕೆಲವು ವರ್ಷಗಳು ಕಳೆದುದು ನಮ್ಮ ಬೆಳಗಾವಿಯಲ್ಲಿ ಎಂಬುದನ್ನು ಕೇಳಿ ನಿಮಗೆ ಸಂತೋಷವಾಗಬಹುದು. ಅಲ್ಲಿಂದ ಸಂಸಾರವು ಪುಣೆಗೆ ಬಂದು ನೆಲಸಿತು. ಬೆಳಗಾವಿಯಿಂದ ಪುಣೆಗೆ ಗಂಟುಮೂಟೆ ಕಟ್ಟಿಕೊಂಡು ಬಂದ ಮನೆಗಳು ನಮ್ಮ ಶಾಲೆಯಲ್ಲಿ ಕಡಿಮೆಯಿಲ್ಲ!

ಮುಂದುವರಿಯುವ ಮೊದಲು ಒಂದು ಮಾತನ್ನು ವಿಶದಪಡಿಸಬೇಕು. ಪ್ರೊಟೆಸ್ಟಂಟ್ ಕ್ರೈಸ್ತರ ಮನೆಯಲ್ಲಿ ದಿನಚರಿಯು ಹೇಗಿರುತ್ತದೆ? ಬೆಳಿಗ್ಗೆ ಮನೆಯವರೆಲ್ಲರೂ ಒಂದೆಡೆ ಕುಳಿತು ಬೈಬಲಿನ ಒಂದು ಭಾಗವನ್ನು ಓದಿ ಪ್ರಾರ್ಥಿಸುವುದು, ಊಟಕ್ಕೆ ಮೊದಲು ದೇವರ ಉಪಕಾರ ಸ್ಮರಣೆ, ರಾತ್ರಿ ಮಲಗುವ ಮುನ್ನ ಮತ್ತೆ ಪ್ರಾರ್ಥನೆ, ರವಿವಾರ ಇಗರ್ಜಿಗೆ ಹೋಗುವುದು, ಇವು ವಾಡಿಕೆ. ನಮ್ಮ ಮನೆಗಳ ಸಂಜೆಯ ದೀಪ, ಭಜನೆಗಳಂತೆಯೇ ಇವೂ. ಆದರೆ ಒಂದು ಅಂತರ ಉಂಟು. ಧರ್ಮಗ್ರಂಥವನ್ನು ಪ್ರತಿಯೊಬ್ಬನೂ ತಾನೇ ಓದಬೇಕು ಎಂಬುದು ಈ ಪಂಥದವರ ನಿಲುವು. ಓದಬೇಕಾದರೆ ಅಕ್ಷರ ಬರಬೇಕು. ಹುಡುಗನಿಗೆ ಬಂದು ಹುಡುಗಿಗೆ ಬಾರದಿದ್ದರೆ ಅವಳ ಧರ್ಮವೇ ಅರ್ಧವಾಯಿತು. ಆದುದರಿಂದ ಇಂಥ ಮನೆಗಳಲ್ಲಿ ಹೆಣ್ಣುಮಗಳ ಕೈಗೆ ಪಾಟಿ ಬರುವುದು ತಂದೆಯ ಔದಾರ್ಯದ ಮಾತಾಗಿ ಉಳಿಯದೆ ದಿನಚರಿಯ ಭಾಗವೇ ಆಯಿತು. ನಮ್ಮ ನಾಡಿನಲ್ಲಿಯೂ ಹೀಗೆಯೇ ನಡೆಯಿತು. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಶನ್ನಿನವರು ಹೋದಲ್ಲೆಲ್ಲ ಶಾಲೆಗಳನ್ನು ತೆರೆದರು. ಹುಡುಗಿಯರೂ ಕನ್ನಡ ಅಕ್ಷರಗಳನ್ನು ಕಲಿತರು.

ಸೊರಾಬಜಿಯವರ ಮನೆಯಲ್ಲಿ ಮಕ್ಕಳಿಗೆ ಮೊದಲ ಗುರುಗಳು ತಂದೆತಾಯಿಗಳೇ. ಆ ಮನೆಯ ನಡೆನುಡಿಗಳನ್ನು ಕಾರ್ನೀಲಿಯಾ ಸೊರಾಬಜಿಯವರು 1934ರಲ್ಲಿ ಹೊರಬಂದ ತಮ್ಮ ಆತ್ಮಕಥೆಯಾದ ‘ಇಂಡಿಯಾ ಕಾಲಿಂಗ್’ ಎಂಬ ಗ್ರಂಥದಲ್ಲಿ ಬಣ್ಣಿಸಿರುವರು. ತಂದೆತಾಯಿಗಳೊಡನೆ ಮಕ್ಕಳು ಆಡುತ್ತಿದ್ದುದು ಇಂಗ್ಲಿಷು. ಮೇಜು ಕುರ್ಚಿಗಳು, ಮಕ್ಕಳ ಕಥೆಗಳು, ಶಿಸ್ತು, ಎಲ್ಲವೂ ಇಂಗ್ಲಿಷ್ ಮನೆಯವೇ. ಹಾಗಿದ್ದರೂ ತಾವು ಪಾರಸಿಗಳೆಂಬ ಅಭಿಮಾನವನ್ನು ಬಿಡಲಿಲ್ಲ; ಹೆಣ್ಣುಮಕ್ಕಳು ಉಡುತ್ತಿದ್ದುದು ಸೀರೆಯನ್ನೇ. ಇನ್ನೊಂದು ಕಟ್ಟಳೆಯೂ ಇತ್ತು: ಸುತ್ತಮುತ್ತಲಿನ ಜನರ ಭಾಷೆಗಳನ್ನು ಮಕ್ಕಳು ಕಲಿಯಲೇಬೇಕು. ನೆರೆಯ ಜನರ ನಡುವೆ ಬಾಳಿ ಅವರ ಮಾತು ತಿಳಿಯದವರು ಯಾರ ಸೇವೆ ಮಾಡಿಯಾರು?

ಮನೆಯಲ್ಲಿ ಇಂಗ್ಲಿಷನ್ನೇ ಆಡಿಸಿದ್ದು ನನಗೆ ಪೂರ್ಣವಾಗಿ ಒಪ್ಪುವ ಸಂಗತಿಯಲ್ಲ. ಕನ್ನಡ ಶಾಲೆಯಲ್ಲಿ ಓದಿ, ಕನ್ನಡ ಶಾಲೆಯಲ್ಲಿಯೇ ಕಲಿಸುವವನಿಗೆ ಇದು ಸಹಜ. ಹೀಗೆ ಬೆಳೆದುದರಿಂದಲೋ ಏನೋ, ಕಾರ್ನೀಲಿಯಾ ಅವರು ಕೊನೆಯವರೆಗೂ ಬ್ರಿಟಿಷ್ ಆಳಿಕೆಯ ಪಕ್ಷಪಾತಿಗಳಾಗಿ ಉಳಿದರು; ಗಾಂಧೀಜಿಯವರ ಚಳವಳಿಯನ್ನು ವಿರೋಧಿಸಿದರು. ಆದರೆ ಆ ತಾಯಿ ತನ್ನ ಮನೆಯ ರೀತಿಯನ್ನು ಊರ ಮಕ್ಕಳ ಮೇಲೆ ಹೇರಲಿಲ್ಲ ಎಂಬುದನ್ನು ಗಮನಿಸಬೇಕು.

1870ರ ದಶಕದಲ್ಲಿ ಫ್ರಾನ್ಸಿನಾ ಅವರು ಪುಣೆಯಲ್ಲಿ ವಿಕ್ಟೋರಿಯಾ ಹೈಸ್ಕೂಲ್ ಎಂಬ ಶಾಲೆಯನ್ನು ಆರಂಭಿಸಿದರು. ಹುಡುಗರೂ ಹುಡುಗಿಯರೂ ಒಂದೇ ಕೋಣೆಯಲ್ಲಿ ಕುಳಿತು ಕಲಿಯುವುದು ಅಂದು ಅಪರೂಪವಾಗಿತ್ತು. ಯುರೋಪಿಯನ್ನರ ಮಕ್ಕಳು, ಪಾರಸಿ, ಹಿಂದೂ, ಮುಸಲ್ಮಾನ ಮಕ್ಕಳು ಅಲ್ಲಿ ಜೊತೆಯಾಗಿ ಕಲಿತರು. ಆ ಶಾಲೆಯಲ್ಲಿ ಬೋಧನೆ ಇಂಗ್ಲಿಷಿನಲ್ಲಿ. ಅಷ್ಟಕ್ಕೆ ನಿಲ್ಲದೆ, ಬಡವರ ಮಕ್ಕಳೂ ಇಂಗ್ಲಿಷ್ ಬಾರದ ಮನೆಗಳ ಮಕ್ಕಳೂ ಕಲಿಯಲೆಂದು ಮರಾಠಿ, ಗುಜರಾತಿ, ಉರ್ದು ಭಾಷೆಗಳಲ್ಲಿ ಬೇರೆ ಬೇರೆ ಶಾಲೆಗಳನ್ನು ನಡೆಸಿದರು. ಮರಾಠಿ ಮಗುವಿಗೆ ಮರಾಠಿ, ಪಾರಸಿ ಮಗುವಿಗೆ ಗುಜರಾತಿ, ಮುಸಲ್ಮಾನ ಮಗುವಿಗೆ ಉರ್ದು! ಮಗುವಿಗೆ ಮೊದಲ ಪಾಠವು ಅದರ ಮನೆಮಾತಿನಲ್ಲಿಯೇ ಆಗಬೇಕೆಂದು ನಾವು ಈಗಲೂ ವಾದಿಸುತ್ತ ಕುಳಿತಿದ್ದೇವೆ. ಆಕೆ ವಾದಿಸದೆ ಶಾಲೆ ತೆರೆದರು.

ಇಷ್ಟೆಲ್ಲ ಕೆಲಸ ಎಂಟು ಮಕ್ಕಳ ಸಂಸಾರದ ನಡುವೆ ಹೇಗೆ ಸಾಗಿತು ಎಂದು ನೀವು ಕೇಳಬಹುದು. ಸಂಸಾರವನ್ನೇ ಆ ಕೆಲಸದಲ್ಲಿ ಸೇರಿಸಿಕೊಂಡುದರಿಂದ ಸಾಗಿತು. ಬೆಳೆದ ಹೆಣ್ಣುಮಕ್ಕಳಲ್ಲಿ ಹಲವರು ಬೋಧನೆಯ ಕೆಲಸಕ್ಕೆ ತಾಯಿಯ ಜೊತೆಯಲ್ಲಿ ನಿಂತರು. ಅಕ್ಕನು ತಂಗಿಗೆ ಅಕ್ಷರ ತಿದ್ದಿಸುವುದು ನಮ್ಮ ಮನೆಗಳಲ್ಲಿಯೂ ನಡೆಯುವುದೇ. ಇಲ್ಲಿ ಅದು ಇಡೀ ಊರಿನ ಮಕ್ಕಳವರೆಗೆ ಹರಡಿತು.

ಅಂದಿನ ಪುಣೆಯನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿರಿ. ಜೋತಿರಾವ ಫುಲೆ ಮತ್ತು ಸಾವಿತ್ರಿಬಾಯಿಯವರು 1848ರಲ್ಲಿ ಭಿಡೆವಾಡೆಯಲ್ಲಿ ಹುಡುಗಿಯರ ಶಾಲೆ ತೆರೆದು, ಊರಿನವರ ಬೈಗಳನ್ನು ಉಂಡಿದ್ದರು. ಹುಜೂರಪಾಗೆಯ ಹುಡುಗಿಯರ ಹೈಸ್ಕೂಲು ಹುಟ್ಟಿದ್ದು 1884ರಲ್ಲಿ. ಈ ಎರಡರ ನಡುವಿನ ಕಾಲವದು. ಎಂಟು ಹತ್ತು ವರ್ಷಕ್ಕೇ ಮದುವೆ, ವಿಧವೆಯಾದರೆ ಮೂಲೆ. ಏಳು ಹೆಣ್ಣು ಹೆತ್ತವಳೆಂದರೆ ಜನರು ಮರುಕಪಡುತ್ತಿದ್ದ ಆ ದಿನಗಳಲ್ಲಿ ಈ ಮನೆಯ ಏಳು ಹೆಣ್ಣುಮಕ್ಕಳು ಓದಿದರು.

ಈ ಮನೆಯ ಬಾಗಿಲಿಗೆ ಕಷ್ಟದಲ್ಲಿದ್ದ ಹೆಂಗಸರು ಬರುತ್ತಿದ್ದರು. ಕಾರ್ನೀಲಿಯಾ ಇನ್ನೂ ಚಿಕ್ಕ ಹುಡುಗಿಯಾಗಿದ್ದಾಗ ಗುಜರಾತಿ ಹೆಂಗಸೊಬ್ಬಳು ತಾಯಿಯ ಬಳಿ ಬಂದು ಕಣ್ಣೀರಿಟ್ಟಳು. ಆಕೆ ಹಣವಂತಳಾದ ವಿಧವೆ. ಆಸ್ತಿಯ ವ್ಯವಹಾರವೆಲ್ಲ ನಂಬಿದ ಕಾರಭಾರಿಯ ಕೈಯಲ್ಲಿತ್ತು. ಅವನು ಬರಿಯ ಕಾಗದಕ್ಕೆ ಆಕೆಯ ಒಪ್ಪಿಗೆಯ ಗುರುತು ಹಾಕಿಸಿಕೊಂಡು, ಆಸ್ತಿಯನ್ನೆಲ್ಲ ತನ್ನ ಹೆಸರಿಗೆ ಬರೆದುಕೊಂಡಿದ್ದನು. ಆಕೆಗೆ ತಿಳಿಯುವ ವೇಳೆಗೆ ಎಲ್ಲವೂ ಮುಗಿದಿತ್ತು. ಫ್ರಾನ್ಸಿನಾ ಅವರು ಆಕೆಯನ್ನು ಸಂತೈಸಿ ಕಳುಹಿಸಿದ ಬಳಿಕ ಮಗಳನ್ನು ಹೊರಗೆ ಆಡಲು ಕಳುಹಿಸಲಿಲ್ಲ. ಹೀಗೆ ಮೋಸಹೋದ ಹೆಂಗಸರು ನಮ್ಮ ದೇಶದಲ್ಲಿ ಬಹಳ ಮಂದಿ ಇರುವರೆಂದೂ, ಅವರಿಗೆ ನೆರವಾಗಬೇಕಾದರೆ ಕಾಯದೆಯನ್ನು ಕಲಿಯಬೇಕೆಂದೂ ತಿಳಿಯಹೇಳಿದರು. ತಾನು ವಕೀಲಿಯ ದಾರಿ ಹಿಡಿದುದರ ಮೂಲ ಇದೇ ಎಂದು ಮಗಳು ಮುಂದೆ ಬರೆದಳು.

ಈ ಪ್ರಸಂಗವನ್ನು ಸ್ವಲ್ಪ ಬಿಡಿಸಿ ನೋಡೋಣ. ಅಂದು ಗೋಷಾ ಪದ್ಧತಿಯ ಮನೆಗಳಲ್ಲಿ ಹೆಂಗಸರು ಪರಪುರುಷರ ಎದುರಿಗೆ ಬರುವಂತಿರಲಿಲ್ಲ. ವಕೀಲರೆಲ್ಲರೂ ಗಂಡಸರು, ನ್ಯಾಯಾಧೀಶರೂ ಗಂಡಸರು. ಹೀಗಾಗಿ ಹೆಂಗಸಿಗೆ ಕಾಯದೆಯಲ್ಲಿ ಹಕ್ಕು ಇದ್ದರೂ ಅದನ್ನು ಕೇಳುವ ಬಾಯಿ ಇರಲಿಲ್ಲ. ಕಾರಭಾರಿ ಹೇಳಿದ್ದೇ ಮಾತು, ತೋರಿಸಿದಲ್ಲಿಯೇ ಹೆಬ್ಬೆಟ್ಟು. ಗೋಷಾದೊಳಗೆ ಹೋಗಿ ಮಾತಾಡಿ, ಹೊರಗೆ ಬಂದು ವಾದಿಸಬಲ್ಲ ಹೆಂಗಸು ಬೇಕಾಗಿದ್ದಳು. ಮನೆಗೆ ಬಂದವಳ ದುಃಖವನ್ನು ಮಕ್ಕಳಿಂದ ಮರೆಮಾಡುವುದು ನಮ್ಮಲ್ಲಿ ರೂಢಿ. ‘ನಿನಗೇಕೆ ದೊಡ್ಡವರ ಮಾತು’ ಎಂದು ಗದರುವೆವು. ಈ ತಾಯಿ ಹಾಗೆ ಮಾಡಲಿಲ್ಲ. ಇದು ಚಿಕ್ಕ ಸಂಗತಿಯಾಗಿ ಕಾಣಬಹುದು. ಆಕೆಯ ಮನೆಯ ಶಿಕ್ಷಣದ ತಿರುಳು ಇದರಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ಕಾರ್ನೀಲಿಯಾ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿ, 1880ರ ದಶಕದ ಕೊನೆಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆಯಾದಳು. ಪರೀಕ್ಷೆಯಲ್ಲಿ ಆಕೆ ಗಳಿಸಿದ ಸ್ಥಾನಕ್ಕೆ ಇಂಗ್ಲೆಂಡಿನಲ್ಲಿ ಓದಲು ಸರಕಾರದ ವಿದ್ಯಾರ್ಥಿವೇತನ ಸಲ್ಲಬೇಕಾಗಿತ್ತು. ಹೆಂಗಸೆಂಬ ಕಾರಣದಿಂದ ಅದನ್ನು ಕೊಡಲಿಲ್ಲ! ಆಕೆ ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಬೋಧಕಿಯಾಗಿ ದುಡಿದಳು. ಇಂಗ್ಲೆಂಡಿನ ಹಿತೈಷಿಗಳು ಹಣ ಕೂಡಿಸಿದರು. ಅವರಲ್ಲಿ ಫ್ಲಾರೆನ್ಸ್ ನೈಟಿಂಗೇಲರೂ ಇದ್ದರು. 1889ರಲ್ಲಿ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿಗೆ ಹೋಗಿ, 1892ರಲ್ಲಿ ಬಿ.ಸಿ.ಎಲ್. ಎಂಬ ಕಾಯದೆಯ ಪರೀಕ್ಷೆಗೆ ಕುಳಿತಳು. ಆ ಪರೀಕ್ಷೆಗೆ ಅಲ್ಲಿ ಕುಳಿತ ಮೊದಲ ಹೆಂಗಸು ಪುಣೆಯ ಈ ಹುಡುಗಿ.

ತಂದೆಯವರು 1894ರಲ್ಲಿ ತೀರಿಕೊಂಡರು. ಉಳಿದ ಮಕ್ಕಳ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಒಬ್ಬನೇ ಮಗ ರಿಚರ್ಡ್ ಬ್ಯಾರಿಸ್ಟರ್ ಆದನು. ಕಿರಿಯ ಮಗಳು ಆಲಿಸ್ ಲಂಡನ್ನಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಡಾಕ್ಟರಳಾಗಿ, 1908ರಲ್ಲಿ ಥಿಯೋಡೋರ್ ಪೆನ್ನೆಲ್ ಎಂಬ ಮಿಶನರಿ ವೈದ್ಯರನ್ನು ವಿವಾಹವಾದಳು. ವಾಯವ್ಯ ಗಡಿಪ್ರಾಂತದ ಬನ್ನೂ ಎಂಬ ಊರಿನಲ್ಲಿ, ಅಂದರೆ ಇಂದಿನ ಪಾಕಿಸ್ತಾನದಲ್ಲಿ, ಗಂಡಹೆಂಡಿರು ಪಠಾಣರ ರೋಗರುಜಿನಗಳಿಗೆ ಮದ್ದು ಮಾಡಿದರು. ರೋಗಿಯಿಂದ ತಗಲಿದ ಸೋಂಕಿನಿಂದ ಗಂಡನು 1912ರಲ್ಲಿ ಮಡಿದ ಮೇಲೂ ಆಕೆ ವೈದ್ಯಸೇವೆಯನ್ನು ಬಿಡಲಿಲ್ಲ. ಸೂಸಿ ಎಂಬ ಮಗಳು ತಾಯಿಯಂತೆಯೇ ಶಾಲೆಯ ಕೆಲಸಕ್ಕೆ ತನ್ನನ್ನು ಒಪ್ಪಿಸಿಕೊಂಡು, 1908ರಲ್ಲಿ ಪುಣೆಯಲ್ಲಿ ಸೇಂಟ್ ಹೆಲೆನಾ ಶಾಲೆಯನ್ನು ಸ್ಥಾಪಿಸಿದಳು.

ಇದೇ ಪುಣೆಗೆ ಸಂಬಂಧಿಸಿದ ಇನ್ನೊಬ್ಬ ಕ್ರೈಸ್ತ ತಾಯಿಯನ್ನು ನೀವು ಪಾಠಗಳಲ್ಲಿ ಕೇಳಿರಬೇಕು: ಪಂಡಿತಾ ರಮಾಬಾಯಿಯವರು. 1858ರಲ್ಲಿ ಕನ್ನಡ ನಾಡಿನ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಒಬ್ಬಳೇ ಮಗಳು ಮನೋರಮೆಯನ್ನು ಬೆಳೆಯಿಸುತ್ತ, ಕೇಡಗಾವಿನ ಮುಕ್ತಿಸದನದಲ್ಲಿ ನೂರಾರು ಅನಾಥೆಯರಿಗೂ ತಾಯಿಯಾದವರು. ಅವರ ಕಥೆಗೆ ಬೇರೆ ಲೇಖನವೇ ಬೇಕು. ರಮಾಬಾಯಿಯವರ ಹೆಸರು ಉಳಿಯಿತು; ಫ್ರಾನ್ಸಿನಾ ಅವರ ಹೆಸರು ಮಕ್ಕಳ ಹೆಸರುಗಳ ಹಿಂದೆ ಮರೆಯಾಯಿತು. ತಾಯಂದಿರ ಪಾಲಿಗೆ ಇದೇನು ಹೊಸತಲ್ಲ.

ಕಾರ್ನೀಲಿಯಾ ಅವರು ಆಕ್ಸ್‌ಫರ್ಡಿನಿಂದ ಮರಳಿದ ಮೇಲೂ ವಕೀಲಿ ನಡೆಸುವುದು ಸುಲಭವಾಗಲಿಲ್ಲ. ಕಾಯದೆಯು ಹೆಂಗಸರನ್ನು ವಕೀಲರೆಂದು ಒಪ್ಪುತ್ತಿರಲಿಲ್ಲ. ಕೊನೆಗೆ 1904ರಲ್ಲಿ ಬಂಗಾಲದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಕೆಲಸ ದೊರೆಯಿತು. ವಾರಸುದಾರರು ಅಪ್ರಾಪ್ತ ವಯಸ್ಸಿನವರಾಗಿದ್ದರೆ, ಇಲ್ಲವೆ ವ್ಯವಹಾರ ನಡೆಸಲಾರದ ಹೆಂಗಸರಾಗಿದ್ದರೆ ಅಂಥ ಜಮೀನುದಾರಿಗಳನ್ನು ಸರಕಾರವೇ ನೋಡಿಕೊಳ್ಳುವ ಇಲಾಖೆ ಅದು. ಬಂಗಾಲ, ಬಿಹಾರ, ಓಡಿಸಾ, ಅಸ್ಸಾಮುಗಳಲ್ಲಿ ಪಲ್ಲಕ್ಕಿಯಲ್ಲಿ, ದೋಣಿಯಲ್ಲಿ, ರೈಲಿನಲ್ಲಿ ಸಂಚರಿಸಿ, ಗೋಷಾದ ಒಳಗೆ ಹೋಗಿ, ವಿಧವೆಯರ ಮತ್ತು ಅನಾಥ ಮಕ್ಕಳ ಅಹವಾಲುಗಳನ್ನು ಕೇಳುವುದೇ ಆಕೆಯ ಕೆಲಸವಾಯಿತು. ಹೀಗೆ ನೆರವು ಪಡೆದವರು ಆರು ನೂರಕ್ಕೂ ಮಿಕ್ಕಿದ್ದರೆಂದು ಹೇಳುವರು. ಪುಣೆಯ ಮನೆಗೆ ಬಂದು ಅತ್ತುಹೋದ ಆ ಗುಜರಾತಿ ವಿಧವೆಯಂಥವರೇ ಅವರೆಲ್ಲ.

ಫ್ರಾನ್ಸಿನಾ ಅವರು 1910ರಲ್ಲಿ ತೀರಿಕೊಂಡರು. ಮಗಳು 1892ರಲ್ಲಿ ಬರೆದ ಪರೀಕ್ಷೆಯ ಪದವಿಯನ್ನು ಆಕ್ಸ್‌ಫರ್ಡಿನವರು ಕೊಟ್ಟದ್ದು 1922ರಲ್ಲಿ. ಹೆಂಗಸರು ವಕೀಲಿ ಮಾಡಬಹುದೆಂಬ ಕಾಯದೆ ನಮ್ಮ ದೇಶದಲ್ಲಿ ಆದುದು 1923ರಲ್ಲಿ. ಸೂಸಿಯವರು ಸ್ಥಾಪಿಸಿದ ಶಾಲೆಯು ಪುಣೆ ಸ್ಟೇಶನ್ನಿನ ಕಡೆಗೆ, ಅಗರಕರ ನಗರದಲ್ಲಿ, ಇಂದಿಗೂ ನಡೆದಿದೆ. ಆ ದಾರಿಯಲ್ಲಿ ಹೋಗುವಾಗ ಅದರ ಹೆಸರಿನ ಹಲಗೆಯನ್ನು ನೀವು ಓದಬಹುದು.