ಅರಮನೆ ದೀಪ ಆರಿದ ಮೇಲೆ

ಭಾನುವಾರ ಸಂಜೆ ಏಳಾಯ್ತು ಅಂದ್ರೆ ಮೈಸೂರು ಅರಮನೆಗೆ ದೀಪ ಹತ್ತುತ್ತೆ. ಸುಮಾರು ಒಂದು ಲಕ್ಷ ಬಲ್ಬು! ಸುತ್ತ ನಿಂತವರ ಮೊಬೈಲೆಲ್ಲ ಆ ಕಡೆಗೇ. ನನ್ನ ತಿರುಗಾಟ ಶುರುವಾಗೋದು ಆ ದೀಪ ಆರಿದ ಮೇಲೆ. ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆಯ ಪಕ್ಕದ ರಸ್ತೆ, ಅಲ್ಲಿಂದ ಲ್ಯಾನ್ಸ್‌ಡೌನ್ ಕಟ್ಟಡ. ಕ್ಯಾಮೆರಾ ಕಪ್ಪು-ಬಿಳುಪಿನಲ್ಲಿ.

"ಈ ಕಾಲದಲ್ಲೂ ಬ್ಲ್ಯಾಕ್ ಅಂಡ್ ವೈಟಾ?" ಅಂತ ಆಫೀಸಿನ ಗೆಳೆಯರು ಕೇಳ್ತಾರೆ. ಹಳೇ ಕಾಲದ ಮೋಹಕ್ಕಿಂತ ಅನುಕೂಲವೇ ದೊಡ್ಡ ಕಾರಣ. ರಾತ್ರಿ ಹಳೇ ಬೀದಿಯಲ್ಲಿ ಸೋಡಿಯಂ ದೀಪದ ಹಳದಿ, ಎಲ್‌ಇಡಿಯ ನೀಲಿ ಬಿಳುಪು, ಅಂಗಡಿ ಬೋರ್ಡಿನ ಕೆಂಪು-ಹಸಿರು ಎಲ್ಲಾ ಕಲಸಿಕೊಂಡಿರುತ್ತೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತೆ. ಬಣ್ಣ ತೆಗೆದುಬಿಟ್ಟರೆ ಆ ಜಗಳವೇ ಇಲ್ಲ. ಬೋರ್ಡುಗಳ ಅಬ್ಬರ ಇಳಿದು ಅವುಗಳ ಮೇಲಿನ ಕಮಾನು, ಕಂಬ, ಹೆಂಚು ಮುಂದೆ ಬರುತ್ತವೆ.

ಹೊಸ ಕ್ಯಾಮೆರಾ ಬೇಕಿಲ್ಲ. ಫೋನಿನ ನೈಟ್ ಮೋಡ್ ಮಾತ್ರ ಆಫ್ ಮಾಡಿ; ಅದು ರಾತ್ರಿಯನ್ನು ಹಗಲು ಮಾಡಲು ಹೊರಡುತ್ತೆ. ದೀಪದ ಮೇಲೆ ಬೆರಳಿಟ್ಟು ಬೆಳಕು ತಗ್ಗಿಸಿ, ಕತ್ತಲೆ ಕತ್ತಲೆಯಾಗೇ ಇರಲಿ. ಕಂಬಕ್ಕೋ ಗೋಡೆಗೋ ಒರಗಿಕೊಂಡರೆ ಕೈ ಅಲುಗೋದಿಲ್ಲ. 1930ರ ದಶಕದಲ್ಲಿ ಪ್ಯಾರಿಸ್‌ನ ರಾತ್ರಿಗಳನ್ನು ಚಿತ್ರಿಸಿದ ಬ್ರಾಸಾಯ್, ಎಕ್ಸ್‌ಪೋಶರ್ ಸಮಯವನ್ನು ಸಿಗರೇಟು ಉರಿಯುವ ಲೆಕ್ಕದಲ್ಲಿ ಅಳೆಯುತ್ತಿದ್ದನಂತೆ. ನಮಗೆ ಆ ಕಷ್ಟ ಇಲ್ಲ. ಆದರೆ ದೀಪವನ್ನು ಮರದ ಅಥವಾ ಗೋಡೆಯ ಮರೆಗೆ ಬಿಟ್ಟು ಬೆಳಕನ್ನಷ್ಟೇ ಹಿಡಿಯೋದು ಅವನಿಂದ ಕಲಿಯಬಹುದಾದ ಉಪಾಯ. ಮಳೆ ನಿಂತ ಅರ್ಧ ಗಂಟೆಯಂತೂ ಬಿಡಲೇಬೇಡಿ, ಒದ್ದೆ ರಸ್ತೆಯೇ ಎರಡನೇ ದೀಪ.

ಕಪ್ಪು-ಬಿಳುಪಿಗೆ ಒಂದು ಕೆಟ್ಟ ಗುಣವೂ ಉಂಟು: ಎಲ್ಲವನ್ನೂ ಚಂದ ಮಾಡಿಬಿಡುತ್ತೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. ಹಳೇ ಪುಸ್ತಕದಂಗಡಿಗಳಿದ್ದ ಆ ಸಾಲು ವರ್ಷಗಟ್ಟಲೆ ಖಾಲಿ ನಿಂತಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಕೆಡವಬೇಕೋ ರಿಪೇರಿ ಮಾಡಬೇಕೋ ಅನ್ನೋ ವಾದ ಆಮೇಲೂ ಮುಗಿಯಲಿಲ್ಲ. ಅಂಥ ಗೋಡೆಯ ಬಿರುಕಿನ ಫೋಟೊಗೆ ಜನ "ಎಷ್ಟು ಚೆನ್ನಾಗಿದೆ" ಅಂದಾಗ ಕಸಿವಿಸಿಯಾಗುತ್ತೆ. ಅದಕ್ಕೇ ತಗಡಿನ ಬೇಲಿ, ನೇತಾಡುವ ವೈರು, ನಿಲ್ಲಿಸಿದ ಸ್ಕೂಟರು ಯಾವುದನ್ನೂ ಕ್ರಾಪ್ ಮಾಡೋದಿಲ್ಲ. ತಾರೀಕು, ಜಾಗ ಬರೆದಿಡ್ತೀನಿ. ಜಗಲಿ ಮೇಲೆ ಮಲಗಿರೋರನ್ನು ಮಾತ್ರ ತೆಗೆಯೋಲ್ಲ. ಅದು ಅವರ ಮಲಗೋ ಕೋಣೆ.

ಮಾರುಕಟ್ಟೆಯ ಹೂವಿನ ವ್ಯಾಪಾರಿಯೊಬ್ಬರನ್ನು ಕೇಳಿಯೇ, ಅಂಗಡಿ ಮುಚ್ಚುವ ಹೊತ್ತಿನಲ್ಲಿ ಒಂದು ಫೋಟೊ ತೆಗೆದಿದ್ದೆ. ಪ್ರಿಂಟ್ ಹಾಕಿಸಿ ಕೊಟ್ಟೆ. ತಮ್ಮ ಮುಖ ನೋಡಿಕೊಳ್ತಾರೆ ಅಂದುಕೊಂಡರೆ, ಅವರ ಬೆರಳು ತಲೆ ಮೇಲಿನ ತೊಲೆಗೆ ಹೋಯ್ತು.

"ನೋಡಿ ಸಾರ್, ಸೋರೋದು ಇಲ್ಲೇ. ಇನ್ನೊಂದು ಕಾಪಿ ಕೊಡ್ತೀರಾ? ರಿಪೇರಿ ಕೇಳೋಕೆ ಹೋಗುವಾಗ ತೋರಿಸ್ತೀನಿ."

ಎರಡು ಕಾಪಿ ಕೊಟ್ಟು ಬಂದೆ.