ಪೊಟ್ಟಣದ ಪಟ್ಟಿಯಲ್ಲಿಲ್ಲದ ಪೊಟ್ಯಾಷಿಯಂ

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ ಸೇಲಂ ಕಡೆಗೆ ಹೊರಟರೆ ನಡುವೆ ತೊಪ್ಪೂರು ಘಟ್ಟ ಸಿಗುತ್ತದೆ. ಬ್ರೇಕ್ ಕೈಕೊಟ್ಟ ಲಾರಿಗಳ ಸುದ್ದಿಯಿಂದಲೇ ಹೆಸರಾದ ಇಳಿಜಾರು ಅದು. ಪಳನಿ, ಮದುರೆ, ರಾಮೇಶ್ವರಕ್ಕೆ ಹೊರಟ ನಮ್ಮ ಕಡೆಯ ಯಾತ್ರೆ ಬಸ್ಸುಗಳಿಗೂ ರಾಷ್ಟ್ರೀಯ ಹೆದ್ದಾರಿ 44ರ ಇದೇ ದಾರಿ. ಚಾಲಕರಿಗೆ ಎಚ್ಚರ ಹೇಳುವ ಫಲಕಗಳನ್ನು ಆಳೆತ್ತರದ ಅಕ್ಷರಗಳಲ್ಲಿ ನಿಲ್ಲಿಸಿದ್ದಾರೆ. ಬಸ್ಸು ನಿಂತಲ್ಲಿ ಕೊಳ್ಳುವ ಚಿಪ್ಸ್, ಮುರುಕು, ಕೋಲಾದ ಮೇಲಿನ ಎಚ್ಚರಿಕೆ ಮಾತ್ರ ಇರುವೆ ಸಾಲಿನಂತೆ ಹಿಂಬದಿಯಲ್ಲಿ ಹರಿದಿರುತ್ತದೆ. ಕಿಡ್ನಿ ಸೋತವರು ಓದಲೇಬೇಕಾದದ್ದು ಆ ಸಾಲು.

ಓದುವುದಕ್ಕೆ ಮೊದಲ ತೊಡಕು ಭಾಷೆಯದು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ಸಾಕು. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಧರ್ಮಪುರಿಯ ತಮಿಳು ಅಜ್ಜಿಗೂ ಹೊಸೂರು ಕಡೆಯ ಕನ್ನಡ ಮನೆಯ ಯಜಮಾನರಿಗೂ ಪೊಟ್ಟಣದ ಹಿಂಬದಿ ಒಂದೇ ಸಮನೆ ಕತ್ತಲು. ಇದೇ ಸೀಮೆಯ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ 2021ರ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭಿಸಿತು. ಬಿ.ಪಿ., ಶುಗರ್ ಮಾತ್ರೆಗಳೂ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ನ ಚೀಲಗಳೂ ಮನೆಬಾಗಿಲಿಗೇ ಬರುವ ಏರ್ಪಾಡು ಅದು. ಮಾತ್ರೆ ಮನೆಗೆ ಬಂತು, ಲೇಬಲ್ ಓದಿ ಹೇಳುವವರು ಬರಲಿಲ್ಲ.

ಕಿಡ್ನಿ ಸೋತು ರಕ್ತದಲ್ಲಿ ಕ್ರಿಯಾಟಿನಿನ್ ಏರಿದವರಿಗೆ ಡಾಕ್ಟರು ಸಾಮಾನ್ಯವಾಗಿ ಹೇಳುವುದು ಮೂರು ಮಾತು: ಉಪ್ಪು ಕಡಿಮೆ ಮಾಡಿ, ಪೊಟ್ಯಾಷಿಯಂ ನೋಡಿಕೊಳ್ಳಿ, ರಂಜಕ (ಫಾಸ್ಫರಸ್) ಮಿತಿಯಲ್ಲಿರಲಿ. ಪೊಟ್ಟಣದ ಪೌಷ್ಟಿಕಾಂಶ ಪಟ್ಟಿಯಲ್ಲಿ ಶಕ್ತಿ, ಪ್ರೋಟೀನ್, ಸಕ್ಕರೆ, ಕೊಬ್ಬು, ಸೋಡಿಯಂ ಕಡ್ಡಾಯ. ಪೊಟ್ಯಾಷಿಯಂ, ರಂಜಕ ಕಡ್ಡಾಯವಲ್ಲ. ಮೂರರಲ್ಲಿ ಎರಡು ಪಟ್ಟಿಯಿಂದಲೇ ಮಾಯ. ಆ ಪಟ್ಟಿ ಆರೋಗ್ಯವಂತರ ಲೆಕ್ಕಕ್ಕೆ ಹಾಕಿದ್ದು.

ಇರುವ ಸೋಡಿಯಂ ಸಾಲನ್ನಾದರೂ ಸರಿಯಾಗಿ ಓದೋಣ. ಅಲ್ಲಿ ಬರೆದಿರುವುದು ಸೋಡಿಯಂ, ಉಪ್ಪಲ್ಲ. ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಅಂಕಿ ಹೆಚ್ಚಾಗಿ 100 ಗ್ರಾಂಗೆ ಇರುತ್ತದೆ, ತಿನ್ನುವುದು ಇಡೀ ಪೊಟ್ಟಣ. 100 ಗ್ರಾಂಗೆ 1,000 ಮಿಲಿಗ್ರಾಂ ಎಂದಿದ್ದು, ಪೊಟ್ಟಣ 70 ಗ್ರಾಂ ಇದ್ದರೆ 700 ಮಿಲಿಗ್ರಾಂ ಸೋಡಿಯಂ, ಅಂದರೆ ಒಂದೂಮುಕ್ಕಾಲು ಗ್ರಾಂ ಉಪ್ಪು. ದಿನದ ಮಿತಿಯೇ 2,000 ಮಿಲಿಗ್ರಾಂ ಸೋಡಿಯಂ, ಐದು ಗ್ರಾಂ ಉಪ್ಪು. ಮೂರನೆಯ ಒಂದು ಪಾಲು ಬಸ್ಸಿನ ಕಿಟಕಿಯ ಪಕ್ಕದಲ್ಲೇ ಮುಗಿದಂತೆ.

ಪ್ರೋಟೀನ್ ಸಾಲು ಇನ್ನೊಂದು ಗೋಜಲು. ಡಯಾಲಿಸಿಸ್ ಶುರುವಾಗದವರಿಗೆ ಅದು ಮಿತಿಯಲ್ಲಿರಬೇಕು, ಶುರುವಾದವರಿಗೆ ಹೆಚ್ಚು ಬೇಕು. ಒಂದೇ ಡಬ್ಬಿಯ ಪ್ರೋಟೀನ್ ಪುಡಿ ಒಬ್ಬರಿಗೆ ಸರಿ, ಪಕ್ಕದ ಕುರ್ಚಿಯವರಿಗೆ ತಪ್ಪು.

ಪಟ್ಟಿಯಲ್ಲಿಲ್ಲದ ಪೊಟ್ಯಾಷಿಯಂ, ರಂಜಕ ಎರಡನ್ನು ಹುಡುಕಬೇಕಾದದ್ದು ಪಟ್ಟಿಯಲ್ಲಲ್ಲ, ಪದಾರ್ಥಗಳ ಸಾಲಿನಲ್ಲಿ. ಅಲ್ಲಿ ಆವರಣದೊಳಗೆ ಮೂರಂಕಿಯ ಸಂಖ್ಯೆಗಳಿರುತ್ತವೆ. 338 ಅಂದರೆ ಫಾಸ್ಫಾರಿಕ್ ಆಮ್ಲ, ಕಪ್ಪು ಕೋಲಾದಲ್ಲಿರುವುದು. 339, 340, 341 ಮತ್ತು 450, 451, 452 ಕೂಡ ಫಾಸ್ಫೇಟುಗಳೇ. ಸಂಸ್ಕರಿಸಿದ ಚೀಸ್, ಕೇಕ್, ಫ್ರೋಜನ್ ಮಾಂಸದಲ್ಲಿ ಕಾಣಸಿಗುತ್ತವೆ. ಬೇಳೆಕಾಳಿನ ರಂಜಕ ಬಹುಪಾಲು ಫೈಟೇಟ್ ರೂಪದಲ್ಲಿ ಬಂಧಿಯಾಗಿರುವುದರಿಂದ ಅರ್ಧದಷ್ಟೂ ಮೈಗೆ ಹತ್ತುವುದಿಲ್ಲ. ಆದರೆ ಪೊಟ್ಟಣದ ತಿನಿಸಿಗೆ ಹೀಗೆ ಬೆರೆಸಿದ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ರಕ್ತ ಸೇರುತ್ತದೆ. ಬೇಳೆಗೆ ಹೆದರಿ ಸಾರು ಬಿಟ್ಟವರು ಕೋಲಾ ಹಿಡಿದು ಕೂತಿರುವುದನ್ನು ಕಂಡರೆ ಏನು ಹೇಳುವುದು! ಇನ್ನು 508 ಪೊಟ್ಯಾಷಿಯಂ ಕ್ಲೋರೈಡ್, 501 ಪೊಟ್ಯಾಷಿಯಂ ಕಾರ್ಬೊನೇಟ್. ಕೆಲವು ನೂಡಲ್ಸ್‌ಗಳಲ್ಲಿ ಎರಡೂ ಇರುತ್ತವೆ. ಎಷ್ಟು ಎಂದು ಬರೆದಿರುವುದಿಲ್ಲ. ಆದರೆ ಪದಾರ್ಥಗಳನ್ನು ತೂಕದ ಇಳಿಕೆಯಲ್ಲಿ ಬರೆಯಬೇಕೆಂಬ ನಿಯಮವಿದೆ, ಸಾಲಿನಲ್ಲಿ ಮೊದಲು ಬಂದದ್ದೇ ಹೆಚ್ಚು.

ಇದರಲ್ಲೆಲ್ಲ ನನಗೆ ತೀರಾ ಅಪಾಯವೆನಿಸುವುದು ‘ಲೋ ಸೋಡಿಯಂ’ ಉಪ್ಪು. ಸೋಡಿಯಂ ತೆಗೆದ ಜಾಗದಲ್ಲಿ ಸಾಮಾನ್ಯವಾಗಿ ತುಂಬುವುದು ಇದೇ ಪೊಟ್ಯಾಷಿಯಂ ಕ್ಲೋರೈಡನ್ನು. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ವಯಸ್ಕರಿಗೆ ಶಿಫಾರಸು ಮಾಡಿದಾಗಲೂ ಕಿಡ್ನಿ ತೊಂದರೆ ಇರುವವರನ್ನು ಹೊರಗಿಟ್ಟಿತು. ಕಿಡ್ನಿ ಹೊರಹಾಕದ ಪೊಟ್ಯಾಷಿಯಂ ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ಘಟ್ಟದ ಬಿಸಿಲಿಗೆ ಎಳನೀರು ಒಳ್ಳೆಯದು ಅಂತ ಕೊಚ್ಚಿಸಿ ಕುಡಿಯುತ್ತೇವಲ್ಲ, ಅದರಲ್ಲೂ ಪೊಟ್ಯಾಷಿಯಂ ಧಾರಾಳ. ಅದಕ್ಕಂತೂ ಲೇಬಲ್ಲೇ ಇಲ್ಲ.

ಘಟ್ಟ ಇಳಿದರೆ ಸೇಲಂ, ಸಬ್ಬಕ್ಕಿಯ ಊರು. ಸಬ್ಬಕ್ಕಿ ತಯಾರಕರ ಸಹಕಾರ ಸಂಘ ‘ಸಾಗೋಸರ್ವ್’ 1981ರಿಂದ ಅಲ್ಲಿದೆ, 2023ರಲ್ಲಿ ಸೇಲಂ ಸಬ್ಬಕ್ಕಿಗೆ ಭೌಗೋಳಿಕ ಸೂಚಿಯೂ ಸಿಕ್ಕಿತು. ಸಬ್ಬಕ್ಕಿ ತಯಾರಾಗುವ ಮರಗೆಣಸಿನಲ್ಲಿ ಪೊಟ್ಯಾಷಿಯಂ ಸಾಕಷ್ಟಿದೆ. ಸಿಪ್ಪೆ ತೆಗೆದು, ಅರೆದು, ನೀರಲ್ಲಿ ತೊಳೆದು, ಹಾಲಿನಂಥ ಆ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸುತ್ತಾರೆ. ಪಿಷ್ಟ ತಳ ಸೇರುತ್ತದೆ, ಮೇಲಿನ ನೀರನ್ನು ಬಿಟ್ಟುಬಿಡುತ್ತಾರೆ. ಪೊಟ್ಯಾಷಿಯಂ ಬಹುಪಾಲು ಆ ನೀರಿನ ಜೊತೆಗೇ ಹೋಗುತ್ತದೆ. ತರಕಾರಿ ಹೆಚ್ಚಿ ಬೇಯಿಸಿ ನೀರು ಬಸಿಯಿರಿ ಎಂದು ಆಹಾರ ತಜ್ಞರು ಹೇಳುವುದೂ ಇದೇ ಉಪಾಯ. ಸಬ್ಬಕ್ಕಿಯಲ್ಲಿ ಉಳಿಯುವುದು ಹೆಚ್ಚುಕಡಿಮೆ ಬರೀ ಪಿಷ್ಟ, ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಕಿಡ್ನಿಗೆ ಹಗುರ ನಿಜ. ಆದರೆ ಶುಗರ್‌ನಿಂದಲೇ ಕಿಡ್ನಿ ಕೆಟ್ಟವರಿಗೆ ಅದು ಸಕ್ಕರೆ ಏರಿಸುವ ತಿನಿಸು. ಅದನ್ನೇ ಸಂಡಿಗೆ ಮಾಡಿದರೆ ಉಪ್ಪು ಬಂತು, ಉದ್ದಿನ ಹಪ್ಪಳವಾದರೆ ಹಪ್ಪಳಖಾರವೂ ಬಂತು. ಲೇಬಲ್ಲಿನಲ್ಲಿ 500 ಎಂದು ಕಾಣುವ ಅದೂ ಸೋಡಿಯಮ್ಮೇ.

ಉಪ್ಪು, ಸಕ್ಕರೆ, ಸ್ಯಾಚುರೇಟೆಡ್ ಕೊಬ್ಬಿನ ಅಂಕಿಗಳನ್ನು ದಪ್ಪಕ್ಷರದಲ್ಲಿ ಮುದ್ರಿಸುವ ಪ್ರಸ್ತಾವಕ್ಕೆ ಪ್ರಾಧಿಕಾರ 2024ರ ಜುಲೈನಲ್ಲಿ ಒಪ್ಪಿತು. ಪೊಟ್ಯಾಷಿಯಂ, ರಂಜಕದ ಮಾತು ಅದರಲ್ಲೂ ಇರಲಿಲ್ಲ. ಅಂಗಡಿಯ ಮುಂದೆ ತೋರಣದಂತೆ ನೇತಾಡುವ ಪುಟ್ಟ ಉಪ್ಪಿನಕಾಯಿ ಸ್ಯಾಶೆಗಳ ಕಥೆಯೇ ಬೇರೆ. ಮೇಲ್ಮೈ 100 ಚದರ ಸೆಂಟಿಮೀಟರ್ ಮೀರದ ಪೊಟ್ಟಣಕ್ಕೆ ಪದಾರ್ಥಗಳ ಸಾಲಿನಿಂದಲೂ ಪೌಷ್ಟಿಕಾಂಶ ಪಟ್ಟಿಯಿಂದಲೂ ವಿನಾಯಿತಿ ಇದೆ. ವಿವರ ಹೊರಗಿನ ದೊಡ್ಡ ಕವರಿನ ಮೇಲಿದ್ದರೆ ಸಾಕು. ಕೇಳಿದರೆ ಅಂಗಡಿಯವರು ತೋರಿಸಿಯಾರು, ಅಷ್ಟರಲ್ಲಿ ಅದನ್ನು ಬಿಸಾಡಿರದಿದ್ದರೆ.