ಹೊಸದಾಗಿ ಓಟಕ್ಕಿಳಿಯುವವರಿಗೆ ಮೊದಲ ಪಾಠ: ನಿಧಾನ

ರಕ್ತಪರೀಕ್ಷೆಯ ವರದಿ ಕೈಸೇರಿದ ಮರುದಿನವೇ ಹೊಸ ಬೂಟು ಕೊಂಡು ಮೈದಾನಕ್ಕೆ ಇಳಿಯುವವರು ಪ್ರತಿ ಊರಿನಲ್ಲೂ ಇದ್ದಾರೆ. ಮೊದಲ ದಿನ ಹುರುಪಿನಿಂದ ನಾಲ್ಕು ಸುತ್ತು, ಎರಡನೆಯ ದಿನ ಏದುಸಿರು, ಮೂರನೆಯ ದಿನ ಮಂಡಿನೋವು. ವಾರ ತುಂಬುವ ಮೊದಲೇ ಬೂಟು ಮಂಚದ ಕೆಳಗೆ ಸೇರುತ್ತದೆ. ಓಟ ತಮ್ಮ ಮೈಗೆ ಒಗ್ಗುವುದಿಲ್ಲ ಎಂದು ಅವರು ತೀರ್ಮಾನಿಸಿಬಿಡುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಒಗ್ಗದೇ ಹೋದದ್ದು ಅವರು ಆರಿಸಿಕೊಂಡ ವೇಗ ಮಾತ್ರ.

ಹೀಗೆ ಕೈಬಿಡುವುದರಿಂದ ಆಗುವ ನಷ್ಟ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಮಧುಮೇಹದ ಹೊಸ್ತಿಲಲ್ಲಿದ್ದಾರೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ. ಬಿರುಸಿನ ನಡಿಗೆ ಮೊದಲನೆಯ ವರ್ಗಕ್ಕೆ ಸೇರಿದರೆ, ಓಟ ಎರಡನೆಯದಕ್ಕೆ ಸೇರುತ್ತದೆ. ಸಮಯದ ಅಭಾವವಿರುವವರಿಗೆ ಓಟ ಹಿಡಿಸುವುದು ಈ ಕಾರಣಕ್ಕೇ.

ಉಸಿರು ಮುಂದೆ, ಮೂಳೆ ಹಿಂದೆ

ದೇಹದ ಎಲ್ಲ ಭಾಗಗಳೂ ಓಟಕ್ಕೆ ಒಂದೇ ವೇಗದಲ್ಲಿ ಪಳಗುವುದಿಲ್ಲ. ಅಭ್ಯಾಸ ಆರಂಭವಾದ ಒಂದೆರಡು ವಾರಗಳಲ್ಲೇ ರಕ್ತದ ದ್ರವಾಂಶ ಹೆಚ್ಚುತ್ತದೆ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರದೂಡತೊಡಗುತ್ತದೆ. ಕೆಲವೇ ವಾರಗಳಲ್ಲಿ ಏದುಸಿರು ಕಡಿಮೆಯಾಗುತ್ತದೆ. ಆದರೆ ಸ್ನಾಯುವನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜುಗಳು ಮತ್ತು ಸ್ವತಃ ಮೂಳೆ ಗಟ್ಟಿಗೊಳ್ಳಲು ತಿಂಗಳುಗಳೇ ಬೇಕು.

ನಡೆಯುವಾಗ ಒಂದು ಪಾದವಾದರೂ ಸದಾ ನೆಲದ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹ ಕ್ಷಣಕಾಲ ಗಾಳಿಯಲ್ಲಿದ್ದು ಒಂದೇ ಕಾಲಿನ ಮೇಲೆ ಇಳಿಯುತ್ತದೆ. ಆಗ ದೇಹತೂಕದ ಎರಡರಿಂದ ಮೂರು ಪಟ್ಟು ಬಲ ಆ ಕಾಲಿನ ಮೇಲೆ ಬೀಳುತ್ತದೆ. 80 ಕಿಲೋ ತೂಕದ ವ್ಯಕ್ತಿಗೆ ಇದು 160ರಿಂದ 240 ಕಿಲೋ ಭಾರಕ್ಕೆ ಸಮ. ನಿಮಿಷಕ್ಕೆ ನೂರೈವತ್ತಕ್ಕೂ ಹೆಚ್ಚು ಬಾರಿ ಇದು ಪುನರಾವರ್ತನೆಯಾಗುತ್ತದೆ. ಮೂರನೆಯ ವಾರದಲ್ಲಿ ಉಸಿರು ಸಲೀಸಾಯಿತೆಂದು ದೂರವನ್ನು ದುಪ್ಪಟ್ಟು ಮಾಡುವವರು ಇಲ್ಲಿಯೇ ಎಡವುತ್ತಾರೆ. ಉಸಿರು ಒಪ್ಪಿದರೂ ಮೂಳೆ ಇನ್ನೂ ಒಪ್ಪಿರುವುದಿಲ್ಲ.

ಒಂದು ನಿಮಿಷದ ಓಟ

ಈ ತೊಡಕಿಗೆ ನಡಿಗೆ ಮತ್ತು ಓಟದ ಬೆರಕೆಯೇ ಪರಿಹಾರ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕವನ್ನು ಪ್ರತಿನಿಧಿಸಿದ್ದ ಓಟಗಾರ ಜೆಫ್ ಗ್ಯಾಲೊವೇ ಈ ಕ್ರಮವನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು. 1996ರಲ್ಲಿ ಜೋಶ್ ಕ್ಲಾರ್ಕ್ ಎಂಬ ಅಮೆರಿಕದ ಯುವಕ ‘ಕೌಚ್ ಟು 5ಕೆ’ ಎಂಬ ಒಂಬತ್ತು ವಾರಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಸೋಫಾದಿಂದ ಎದ್ದವರನ್ನು ಐದು ಕಿಲೋಮೀಟರ್ ಓಟದವರೆಗೆ ಕರೆದೊಯ್ಯುವುದು ಅದರ ಉದ್ದೇಶ. ಮುಂದೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯೂ ಅದನ್ನು ಅಳವಡಿಸಿಕೊಂಡಿತು.

ಪಟ್ಟಿಯ ಮೊದಲ ವಾರ ಹೀಗಿದೆ: ಐದು ನಿಮಿಷ ಬಿರುಸಿನ ನಡಿಗೆ, ನಂತರ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ. ಒಟ್ಟು 20 ನಿಮಿಷಗಳವರೆಗೆ ಇದರ ಆವರ್ತನೆ. ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಡುವು. ಎರಡನೆಯ ವಾರದಲ್ಲಿ ಓಟ 90 ಸೆಕೆಂಡಿಗೆ ಏರುತ್ತದೆ, ನಡಿಗೆ ಎರಡು ನಿಮಿಷವಾಗುತ್ತದೆ. ಒಂಬತ್ತನೆಯ ವಾರಕ್ಕೆ ನಿಲ್ಲದೆ ಅರ್ಧ ಗಂಟೆ ಓಡುವುದು ಗುರಿ. ಕಷ್ಟವೆನಿಸಿದ ವಾರವನ್ನು ಮತ್ತೊಮ್ಮೆ ಮಾಡಲು ಯಾವ ಅಡ್ಡಿಯೂ ಇಲ್ಲ. ಒಂಬತ್ತು ವಾರ ಹದಿನೈದಾದರೂ ದೇಹಕ್ಕೆ ಅದರಿಂದ ಲಾಭವೇ.

ವೇಗ ಅಳೆಯಲು ದುಬಾರಿ ಗಡಿಯಾರ ಬೇಕಿಲ್ಲ. ಪಕ್ಕದಲ್ಲಿ ಓಡುವವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾದರೆ ವೇಗ ಸರಿಯಿದೆ ಎಂದರ್ಥ. ಎರಡು ಪದಕ್ಕೊಮ್ಮೆ ಉಸಿರೆಳೆಯಬೇಕಾದರೆ ವೇಗ ಇಳಿಸಬೇಕು. ಆರಂಭದ ದಿನಗಳಲ್ಲಿ ಈ ವೇಗ ಬಿರುಸಿನ ನಡಿಗೆಗಿಂತ ಅಷ್ಟೇನೂ ಹೆಚ್ಚಿರುವುದಿಲ್ಲ. ಪಕ್ಕದಲ್ಲಿ ನಡೆಯುವವರೇ ಮುಂದೆ ಸಾಗಿದರೆ ಸಂಕೋಚಪಡಬೇಕಿಲ್ಲ.

ಹೃದಯದ ಭಯ

ಕರ್ನಾಟಕದಲ್ಲಿ ವ್ಯಾಯಾಮದ ಮಾತು ಬಂದಾಗ ಒಂದು ಭಯವೂ ಜೊತೆಗೆ ಬರುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ನಿಧನರಾದ ನಂತರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಬರುವವರ ಸಂಖ್ಯೆ ಏಕಾಏಕಿ ಏರಿತ್ತು. ಹಲವರು ವ್ಯಾಯಾಮವನ್ನೇ ಅನುಮಾನದಿಂದ ನೋಡತೊಡಗಿದರು.

ಈ ಭಯದಲ್ಲಿ ಸತ್ಯಾಂಶವೂ ಇದೆ, ಅತಿಶಯವೂ ಇದೆ. ತೀವ್ರ ಶ್ರಮದ ಹೊತ್ತಿನಲ್ಲಿ ಹೃದಯಾಘಾತದ ಸಂಭವ ತಾತ್ಕಾಲಿಕವಾಗಿ ಏರುತ್ತದೆ. ಈ ಏರಿಕೆ ಅತಿ ಹೆಚ್ಚಿರುವುದು ಅಭ್ಯಾಸವೇ ಇಲ್ಲದೆ ಒಮ್ಮೆಲೇ ಮೈಮುರಿಯುವವರಲ್ಲಿ. ನಿಯಮಿತವಾಗಿ ಶ್ರಮಿಸುವವರಲ್ಲಿ ಅದು ಬಹಳ ಕಡಿಮೆ. ಒಟ್ಟಾರೆಯಾಗಿ ಹೃದ್ರೋಗದಿಂದ ಸಾಯುವ ಸಂಭವವೂ ಅವರಲ್ಲಿ ಕಡಿಮೆ. ಎಂದರೆ, ನಿಧಾನವಾಗಿ ಆರಂಭಿಸುವುದು ಮಂಡಿಯನ್ನಷ್ಟೇ ಅಲ್ಲ, ಪ್ರಾಣವನ್ನೂ ಕಾಯುವ ಕ್ರಮ.

ಅಧಿಕ ರಕ್ತದೊತ್ತಡ, ಮಧುಮೇಹ, ಧೂಮಪಾನದ ಚಟ ಇರುವವರು ಹಾಗೂ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದ್ರೋಗ ಕಂಡಿರುವವರು ಓಟಕ್ಕೆ ಮುನ್ನ ವೈದ್ಯರನ್ನು ಕಾಣುವುದು ಅವಶ್ಯ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಓಟದ ವೇಳೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕಿಸೆಯಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲೇಬೇಕು. ಎದೆಯಲ್ಲಿ ಬಿಗಿತ, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಲೆಸುತ್ತು, ಅಸಹಜ ಉಬ್ಬಸ ಕಂಡರೆ ತಕ್ಷಣ ನಿಲ್ಲಬೇಕು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮನೆಗೆ ಮರಳದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಯಾವ ನೋವು ಸಹಜ?

ಓಡಿದ ಮರುದಿನ ತೊಡೆ, ಮೀನಖಂಡಗಳು ಬಿಗಿಯುವುದು ಸಹಜ. ಎರಡು ಮೂರು ದಿನಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು, ಓಡಿದಷ್ಟೂ ಹೆಚ್ಚುವ ನೋವು, ಕುಂಟುವಂತೆ ಮಾಡುವ ನೋವು ಸಹಜವಲ್ಲ. ಅದನ್ನು ಹಲ್ಲುಕಚ್ಚಿ ಸಹಿಸಿದರೆ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಮೂಡುವ ಸಾಧ್ಯತೆಯಿದೆ.

ಖರ್ಚಿನ ವಿಷಯದಲ್ಲಿ ಕಾಲಿಗೆ ಸರಿಯಾಗಿ ಕೂರುವ, ಬೆರಳುಗಳ ಮುಂದೆ ತುಸು ಜಾಗವಿರುವ ಓಟದ ಬೂಟು ಸಾಕು. ಮಹಿಳೆಯರಿಗೆ ಗಟ್ಟಿ ಆಧಾರವಿರುವ ಒಳ ಉಡುಪೂ ಅಷ್ಟೇ ಮುಖ್ಯ. ಹೊಂಡ ಬಿದ್ದ ರಸ್ತೆಬದಿಗಿಂತ ಶಾಲಾ ಮೈದಾನದ ಸಮತಟ್ಟಾದ ನೆಲ ವಾಸಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಓಟ ಮುಗಿಸುವುದು ಕ್ಷೇಮ.

2008ರಲ್ಲಿ ಬೆಂಗಳೂರಿನಲ್ಲಿ ‘ವರ್ಲ್ಡ್ 10ಕೆ’ ಆರಂಭವಾದ ನಂತರ ರಾಜ್ಯದಲ್ಲಿ ಸಾಮೂಹಿಕ ಓಟಗಳ ಹುಮ್ಮಸ್ಸು ಬೆಳೆದಿದೆ. ಗೆಳೆಯರ ಒತ್ತಾಯಕ್ಕೆ ಹೆಸರು ನೋಂದಾಯಿಸಿ, ಮೂರು ವಾರಗಳಲ್ಲಿ ಹತ್ತು ಕಿಲೋಮೀಟರಿಗೆ ಸಿದ್ಧರಾಗಲು ಹೊರಡುವವರೂ ಇದ್ದಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇವರಿಗೆ ಚೆನ್ನಾಗಿ ಅನ್ವಯಿಸುತ್ತದೆ. ಹೊಸಬರು ಮೊದಲ ಮೂರು ತಿಂಗಳು ಕಿಲೋಮೀಟರುಗಳನ್ನು ಲೆಕ್ಕವಿಡದೆ, ಮೈದಾನಕ್ಕೆ ಹೋದ ದಿನಗಳನ್ನಷ್ಟೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳಿತು. ಮಳೆ, ಮದುವೆ, ಜ್ವರದ ಕಾರಣದಿಂದ ಒಂದು ವಾರ ತಪ್ಪಿದರೆ, ಬಿಟ್ಟ ಜಾಗಕ್ಕಿಂತ ಒಂದು ವಾರ ಹಿಂದಿನಿಂದ ಮತ್ತೆ ಆರಂಭಿಸಿದರಾಯಿತು.